ಚಮ್ಮಾವುಗೆಯ ಕಾಯಕ

ಶರಣ ಹರಳಯ್ಯನ ಕಥೆಯನ್ನು ಕೇಳದ ಭಕ್ತರು ಕನ್ನಡ ನಾಡಿನಲ್ಲಿ ವಿರಳ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಸಮಗಾರ ಹರಳಯ್ಯನು ‘ಶರಣು’ ಎಂದನು. ಅವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಒಂದಕ್ಕೆ ಎರಡಾಗಿ ಬಂದ ಆ ವಂದನೆಯ ಭಾರವನ್ನು ಇಳುಹಿಕೊಳ್ಳಲು ಹರಳಯ್ಯನೂ ಆತನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನು ತೆಗೆದು, ಹದಗೊಳಿಸಿ, ಚಮ್ಮಾವುಗೆಗಳನ್ನು ಮಾಡಿ ತಂದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರು. ಪುರಾಣ ಪ್ರವಚನಗಳಲ್ಲಿ ಈ ಪ್ರಸಂಗ ಬಂದಾಗ ಕಣ್ಣೀರಿಡುವ ಕೇಳುಗರು ಇಂದಿಗೂ ಇದ್ದಾರೆ.

ಆದರೆ ‘ಹದಗೊಳಿಸಿ’, ‘ಮಾಡಿ’ ಎಂಬ ಎರಡು ಮಾತುಗಳನ್ನು ಕೇಳುಗರೂ ಹೇಳುವವರೂ ಬೇಗನೆ ದಾಟಿಹೋಗುತ್ತಾರೆ. ತಲೆಯ ಮೇಲೇರಿದ ಆ ಒಂದು ಜೋಡಿಯ ಮಹಿಮೆಯಲ್ಲಿ, ಜನರು ದಿನವೂ ಮೆಟ್ಟಿ ಸವೆಸಿದ ಜೋಡುಗಳು ಮರೆಯಾಗಿವೆ. ಹರಳಯ್ಯನು ಶರಣನೆನಿಸಿದ್ದು ಆ ಅರ್ಪಣೆಯ ದಿನದಂದೇ ಅಲ್ಲ. ಸವೆಯುವ ಜೋಡುಗಳನ್ನು ಹೊಲಿಯುವ ಕಾಯಕದಲ್ಲಿ ಅದಕ್ಕೂ ಮೊದಲೇ ಅವನು ಶರಣನಾಗಿದ್ದನು. ಆ ಕಾಯಕವೆಂಥದು ಎಂಬುದನ್ನು ತಿಳಿಯದೆ ಅರ್ಪಣೆಯ ಬೆಲೆಯನ್ನು ತಿಳಿಯುವುದು ಕಷ್ಟ.

ಮೊದಲು ಶಬ್ದವನ್ನೇ ನೋಡಬಹುದು. ‘ಪಾದುಕಾ’ ಎಂಬುದರ ತದ್ಭವ ‘ಹಾವುಗೆ’. ಚರ್ಮದ ಹಾವುಗೆಯೇ ‘ಚಮ್ಮಾವುಗೆ’. ಇದಲ್ಲದೆ ಕನ್ನಡಕ್ಕೆ ತನ್ನದೇ ಆದ ದೇಸಿ ಶಬ್ದವೂ ಉಂಟು. ಹಳಗನ್ನಡದ ‘ಕೆರ್ಪು’ ಮುಂದೆ ‘ಕೆರಹು’, ‘ಕೆರ’ ಎಂದಾಯಿತು. ತಮಿಳಿನ ‘ಚೆರುಪ್ಪು’, ತೆಲುಗಿನ ‘ಚೆಪ್ಪು’ಗಳು ಅದರ ಸೋದರ ಶಬ್ದಗಳು. ಸಂಸ್ಕೃತದ ಸಂಪರ್ಕಕ್ಕೂ ಮೊದಲೇ ಈ ನಾಡಿನಲ್ಲಿ ಕೆರ ಹೊಲಿಯುವವರಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಚನ ಸಾಹಿತ್ಯದಲ್ಲಿ ಈ ಕಸುಬಿನವರ ಗುರುತು ಸ್ಪಷ್ಟವಾಗಿದೆ. ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ‘ಕಾಮಧೂಮ ಧೂಳೇಶ್ವರ’ ಎಂಬ ಅಂಕಿತದ ಮಾದಾರ ಧೂಳಯ್ಯ ಇವರು ವಚನಕಾರರು. ಮಾದಾರ ಚೆನ್ನಯ್ಯನ ಹೆಸರಿನ ವಚನಗಳ ಅಂಕಿತವಂತೂ ಬೇರೆಲ್ಲಿಯೂ ಕಾಣದ ಬಗೆಯದು: ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಕಸುಬಿನ ಉಪಕರಣಗಳೇ ಅದರೊಳಗೆ ಸೇರಿವೆ. ಚೋಳರಾಜನ ಲಾಯಕ್ಕೆ ಹುಲ್ಲು ತರುವವನೆಂದು ಪುರಾಣಗಳು ಚೆನ್ನಯ್ಯನನ್ನು ಚಿತ್ರಿಸುತ್ತವೆ; ಅಂಕಿತವಾದರೋ ಚರ್ಮದ ಕೆಲಸದ ಕಟ್ಟೆಯಿಂದಲೇ ಎದ್ದು ಬಂದಿದೆ. ದೇವರ ಹೆಸರಿನ ಪಕ್ಕದಲ್ಲಿ ಉಳಿಯನ್ನಿಟ್ಟವನಿಗೆ ಆ ಉಳಿಯ ಬಗೆಗೆ ಸಂಕೋಚವಿರಲಿಲ್ಲ. ಬಸವಣ್ಣನವರು ತಮ್ಮನ್ನು ಚೆನ್ನಯ್ಯ ಕಕ್ಕಯ್ಯರ ಬಳಗದವರೆಂದು ಮತ್ತೆ ಮತ್ತೆ ಕರೆದುಕೊಂಡಿರುವುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಹದದ ವಿಚಾರ. ಹಸಿಯ ತೊಗಲು ಎರಡು ಮೂರು ದಿನಗಳಲ್ಲಿ ಕೊಳೆಯತಕ್ಕದ್ದು. ಅದನ್ನು ನೀರಿನಲ್ಲಿ ನೆನೆಸಿ, ಸುಣ್ಣದ ಹೊಂಡದಲ್ಲಿಟ್ಟು, ಕೂದಲು ಸಡಿಲವಾದ ಮೇಲೆ ಹೆರೆದು, ಸುಣ್ಣ ಹೋಗುವಂತೆ ತೊಳೆದು, ಬಳಿಕ ಜಾಲಿಯ ಚಕ್ಕೆ, ತಂಗಡಿಯ ಚಕ್ಕೆ ಅಥವಾ ಅಳಲೆಕಾಯಿಯ ಒಗರು ನೀರಿನ ಬಾನಿಯಲ್ಲಿ ಇಡುತ್ತಿದ್ದರು. ಇನ್ನೊಂದು ಕ್ರಮವೂ ಇತ್ತು. ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ ಅದರೊಳಗೆ ಚಕ್ಕೆಯನ್ನೂ ನೀರನ್ನೂ ತುಂಬುವುದು. ಒಗರು ನೀರು ಒಳಗಿನಿಂದ ಹೊರಗೆ ಜಿನುಗುತ್ತ ತೊಗಲಿನ ಎಳೆಎಳೆಯನ್ನೂ ಹಿಡಿಯುತ್ತದೆ. ಒಗರು ಹಿಡಿದ ಎಳೆ ಕೊಳೆಯುವುದಿಲ್ಲ. ಹದದ ಗುಟ್ಟೆಲ್ಲ ಇಷ್ಟೆ. ಆದರೆ ಅದಕ್ಕೆ ವಾರಗಟ್ಟಲೆ ಕಾಲ ಬೇಕು, ಅವಸರಕ್ಕೆ ಎಡೆಯಿಲ್ಲ. ಆ ದುರ್ಗಂಧದ ನಡುವೆ ಮೊಳಕಾಲುದ್ದ ನೀರಿನಲ್ಲಿ ನಿಂತು ದುಡಿದವರನ್ನು ಊರಾಚೆಗಿಟ್ಟ ಊರು, ಅವರು ಮಾಡಿಕೊಟ್ಟ ಜೋಡನ್ನು ಮೆಟ್ಟಿಕೊಂಡೇ ನಡೆದಾಡಿತು.

ಒಳ್ಳೆಯ ಜೋಡನ್ನು ಆರಿಸುವ ಬಗೆಯೂ ಹದದ ಜ್ಞಾನದಿಂದಲೇ ಹುಟ್ಟಿದುದು. ಚರ್ಮದ ಕೊಯ್ದ ಅಂಚನ್ನು ನೋಡಬೇಕು. ಬಣ್ಣ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದರೆ ಒಗರು ಪೂರ್ತಿ ಇಳಿದಿದೆ. ನಡುವೆ ಬಿಳಿಚಿದ ಗೆರೆ ಕಂಡರೆ ಒಳಗೆ ಇನ್ನೂ ಹಸಿ ಉಳಿದಿದೆ, ಅದು ಗಡಸಾಗಿ ಬಿರಿಯುತ್ತದೆ. ಬಗ್ಗಿಸಿದಾಗ ಸಣ್ಣ ನೆರಿಗೆ ಬಿದ್ದು ಬಿಟ್ಟೊಡನೆ ಮಾಯವಾಗುವ ಚರ್ಮ ಗಟ್ಟಿಯಾದುದು. ದೊಡ್ಡ ಸುಕ್ಕು ಬಿದ್ದು ಸಡಿಲವಾಗಿ ಉಳಿಯುವುದು ಹೊಟ್ಟೆಯ ಭಾಗದ್ದು. ಅಟ್ಟೆಗೆ ಎಮ್ಮೆ ಕೋಣಗಳ ಬೆನ್ನಿನ ಭಾಗವೇ ಆಗಬೇಕು. ಉತ್ತರ ಕರ್ನಾಟಕದ ಹಳೆಯ ಮಾದರಿಯ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಇದು ಬರಿಯ ಸಂಪ್ರದಾಯವಲ್ಲ. ಒಗರು ಹಿಡಿದ ಚರ್ಮದಲ್ಲಿ ಕಬ್ಬಿಣ ನೆನೆದರೆ ಅಲ್ಲಿ ಕಪ್ಪಾಗಿ ಚರ್ಮ ಸೊರಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ.

ಹೊಲಿಗೆಯ ಜೋಡಿಗೆ ಇನ್ನೊಂದು ಹೆಚ್ಚುಗಾರಿಕೆಯುಂಟು: ಅದನ್ನು ಬಿಚ್ಚಬಹುದು. ನೆಲಕ್ಕೆ ತಾಗುವ ಕೆಳಗಿನ ಅಟ್ಟೆ ಸವೆದಾಗ ರಂಪಿಗೆಯ ಮೊನೆಯಿಂದ ಹೊಲಿಗೆಯನ್ನು ಕತ್ತರಿಸಿ, ಹಳೆಯ ಅಟ್ಟೆಯನ್ನು ತೆಗೆದು, ನೀರಲ್ಲಿ ನೆನೆಸಿ ಬಡಿದು ಬಿಗಿಗೊಳಿಸಿದ ಹೊಸ ಅಟ್ಟೆಯನ್ನು ಕೂಡಿಸುತ್ತಾರೆ. ಮೇಲಿನ ಬಾರೂ ಉಂಗುಟವೂ ಹಾಗೆಯೇ ಉಳಿಯುತ್ತವೆ. ಆದರೆ ಅಟ್ಟೆಯಲ್ಲಿ ತೂತು ಬೀಳುವವರೆಗೆ ಕಾಯಬಾರದು. ಕೆಳಗಿನ ಪದರ ಪೂರ್ತಿ ಸವೆದು ಮೇಲಿನ ಪದರ ನೆಲಕ್ಕೆ ಉಜ್ಜತೊಡಗಿದರೆ ಹೊಸ ಹೊಲಿಗೆಗೆ ಹಿಡಿತ ಸಿಗುವುದಿಲ್ಲ. ಮಳೆಯಲ್ಲಿ ತೊಯ್ದ ಜೋಡನ್ನು ಒಲೆಯ ಬಳಿಯಾಗಲಿ ಬಿಸಿಲಲ್ಲಾಗಲಿ ಇಡದೆ ನೆರಳಿನಲ್ಲಿ ಆರಿಸಿ, ಪೂರ್ತಿ ಆರುವ ಮೊದಲೇ ತುಸು ಹರಳೆಣ್ಣೆ ಸವರಬೇಕು. ಹೊಸ ಜೋಡು ಮೊದಲ ಕೆಲವು ದಿನ ಕಚ್ಚುವುದಕ್ಕೂ ಎಣ್ಣೆಯೇ ಮದ್ದು.

ಕಲ್ಯಾಣದ ಕಥೆ ಜೋಡಿನೊಂದಿಗೆ ಮುಗಿಯಲಿಲ್ಲ. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳು ಲಾವಣ್ಯಳಿಗೂ ವಿವಾಹವಾಯಿತು. ಆ ಕಾರಣಕ್ಕೆ ಬೀಗರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಕೊನೆಗೊಂಡಿತು. ತೊಡೆಯ ಚರ್ಮವನ್ನು ಕೊಟ್ಟಾಗ ಹರಳಯ್ಯನನ್ನು ಹೊಗಳಿದ ಲೋಕ, ಅವನು ಸಮಾನನಾಗಿ ಬೀಗತನಕ್ಕೆ ನಿಂತಾಗ ಸಹಿಸಲಿಲ್ಲ. ಮುಂದಿನ ಶತಮಾನಗಳಲ್ಲಿ ಭಕ್ತರೂ ಅನೇಕ ಕಡೆ ಹೀಗೆಯೇ ನಡೆದುಕೊಂಡರೆಂಬುದನ್ನು ಮುಚ್ಚಿಡಲಾಗದು. ಹರಳಯ್ಯನ ಪುರಾಣ ಒಳಗೆ ನಡೆಯುತ್ತಿರಲು ಅವನ ಕಸುಬಿನವನು ಹೊಸ್ತಿಲಾಚೆ ಕುಳಿತು ಭಕ್ತರ ಜೋಡು ಹೊಲಿದನು.

ಇಪ್ಪತ್ತನೆಯ ಶತಮಾನದಲ್ಲಿ ಕಸುಬಿನ ತಳಹದಿಯೇ ಬದಲಾಯಿತು. 1903ರ ಸುಮಾರಿಗೆ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ನರು ಆರಂಭಿಸಿದ ಕ್ರೋಮ್ ಹದದಿಂದ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಅನಂತರ ರಬ್ಬರಿನ ಅಟ್ಟೆ ಬಂದಿತು. ಬಿಚ್ಚಿ ಹೊಲಿಯಲಾಗದ, ಅಂಟಿಸಿದ ಪಾದರಕ್ಷೆಗಳು ಬಂದವು. ಆದರೂ ಅಥಣಿ, ನಿಪ್ಪಾಣಿಗಳ ಕಡೆಯ ಸಮಗಾರ ಕುಟುಂಬಗಳು ಕೈಹೊಲಿಗೆಯನ್ನು ಬಿಡಲಿಲ್ಲ. ಅವರು ಮಾಡಿದ ಜೋಡು ಮಾರಾಟವಾದ ಪೇಟೆಯ ಹೆಸರಿನಿಂದ ‘ಕೊಲ್ಹಾಪುರಿ’ ಎಂದೇ ಪ್ರಸಿದ್ಧವಾಯಿತು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಈ ವಿಜಯಪುರ ಜಿಲ್ಲೆಯಲ್ಲಿದೆ. ಹರಳಯ್ಯನ ಹೆಸರಿನ ಗವಿಯನ್ನುಳ್ಳ ಬಸವಕಲ್ಯಾಣ ಇರುವುದು ಬೀದರ ಜಿಲ್ಲೆಯಲ್ಲಿ. ಅದು ಆ ಪಟ್ಟಿಯಲ್ಲಿಲ್ಲ.