ಹಲಗೆಯ ಮೇಲೆ ನಿಂತವನ ಹೆಸರು

ಕಂಬಳ ಮುಗಿದ ಮರುದಿನ ಪತ್ರಿಕೆಯಲ್ಲಿ ಫಲಿತಾಂಶ ಬರುತ್ತದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಒಂದೊಂದು ವಿಭಾಗದಲ್ಲೂ ಮೊದಲು ಕೋಣಗಳ ಯಜಮಾನರ ಊರು, ಮನೆ, ಹೆಸರು. ಜೊತೆಗೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು. ನನ್ನ ಕಣ್ಣು ಮೊದಲು ಹೋಗುವುದು ಆ ಎರಡನೆಯ ಹೆಸರಿಗೆ.

ನಾನು ಶಿರ್ತಾಡಿಯವ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು, ಸ್ಟಾಪ್‌ವಾಚ್ ಹಿಡಿದೇ ಆಯುಷ್ಯದ ಹೆಚ್ಚಿನ ಭಾಗ ಕಳೆದವ. ನಾನು ಚಿಕ್ಕವನಿದ್ದಾಗ ಕಂಬಳದ ಮೈಕಿನಲ್ಲಿ ಕೇಳುತ್ತಿದ್ದುದು ಗುತ್ತು, ಬೀಡು ಎಂಬ ದೊಡ್ಡ ಮನೆಗಳ ಹೆಸರು, ಪಟೇಲರ ಹೆಸರು. ಕೋಣಗಳ ಹೆಸರು ಕೂಡ ಊರೂರಿಗೆ ಗೊತ್ತಿರುತ್ತಿತ್ತು. ಅವುಗಳ ಹಿಂದೆ ಪ್ರಾಣ ಒತ್ತೆಯಿಟ್ಟು ಓಡಿದವನ ಹೆಸರು ಮಾತ್ರ ಅವನ ಬೈಲು ದಾಟುತ್ತಿರಲಿಲ್ಲ. ನನ್ನ ತಾಯಿಯ ಅಣ್ಣ ಅಂಥ ಒಬ್ಬರು. ದೊಡ್ಡ ಮನೆಯೊಂದರ ಗೇಣಿ ಒಕ್ಕಲು. ಆ ಮನೆಯ ಕೋಣಗಳು ಅಡ್ಡಹಲಗೆಗೆ ಇಳಿದಾಗ ಹಲಗೆ ಏರುತ್ತಿದ್ದವರು ಅವರೇ. ಗೆದ್ದ ಬಾಳೆಗೊನೆ ಯಜಮಾನರ ಚಾವಡಿಗೆ ಹೋಗುತ್ತಿತ್ತು. ಮಾವನಿಗೆ ಸಿಗುತ್ತಿದ್ದುದು ಒಂದು ಮುಂಡಾಸು, ಒಂದು ಹೊತ್ತಿನ ಊಟ.

ಅಡ್ಡಹಲಗೆಯನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಹಗ್ಗ, ನೇಗಿಲು ವಿಭಾಗಗಳಲ್ಲಿ ಮನುಷ್ಯ ಕೋಣಗಳ ಹಿಂದೆ ಓಡುತ್ತಾನೆ. ಅಡ್ಡಹಲಗೆಯಲ್ಲಿ ಅವನು ಓಡುವುದಿಲ್ಲ, ನೊಗಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು ಕೆಸರು ನೀರಿನಲ್ಲಿ ಜಾರುತ್ತಾನೆ. ಮೊಣಕಾಲು ಮಡಚಿ, ಮೈಯ ಭಾರವನ್ನು ಹಿಂದಕ್ಕೆ ಬಿಟ್ಟು, ಒಂದು ಕೈಯಲ್ಲಿ ಹಿಡಿತ ಸಾಧಿಸಿ ನಿಲ್ಲಬೇಕು. ಭಾರ ಚೂರು ಮುಂದೆ ಬಂದರೆ ಹಲಗೆಯ ಮೂತಿ ಕೆಸರಿಗೆ ಕಚ್ಚಿ ಮನುಷ್ಯ ಮುಗ್ಗರಿಸುತ್ತಾನೆ. ಈ ಹಲಗೆ ಆಟಕ್ಕಾಗಿ ಹುಟ್ಟಿದ್ದಲ್ಲ. ಏಣೆಲು ಬೆಳೆ ಕೊಯ್ದು, ಸುಗ್ಗಿ ಬೆಳೆಗೆ ಗದ್ದೆ ಉತ್ತ ಮೇಲೆ ಕೆಸರನ್ನು ಸಮ ಮಾಡುವ ಹಲಗೆಯ ಬಳಗದ್ದೇ ಅದು. ಗುತ್ತಿನ ಮನೆಯೆದುರಿನ ಬಾಕಿಮಾರು ಗದ್ದೆಯಲ್ಲಿ ನಡುವೆ ಪೂಕರೆ ಕಂಬ ನೆಟ್ಟು, ದೈವಕ್ಕೆ ಕೈಮುಗಿದು, ಒಂದರ ಹಿಂದೆ ಒಂದರಂತೆ ಜೋಡಿಗಳನ್ನು ಇಳಿಸುತ್ತಿದ್ದ ಇನ್ನೂ ಹಿಂದಿನ ಕಾಲದಲ್ಲಿ ಸೋಲು-ಗೆಲುವೇ ಇರಲಿಲ್ಲ. ಗದ್ದೆ ಹದವಾಗಬೇಕು, ದೈವ ಒಪ್ಪಬೇಕು, ಅಷ್ಟೇ.

ಟಿ.ವಿ.ಯಲ್ಲಿ ಆಲ್ಪೈನ್ ಸ್ಕೀ ವಿಶ್ವ ಚಾಂಪಿಯನ್‌ಷಿಪ್ ನೋಡುವಾಗ ನನಗೆ ಮಾವ ನೆನಪಾಗುವುದು ಇದೇ ಕಾರಣಕ್ಕೆ. ಮೊಣಕಾಲಿನ ಮಡಿಕೆ ಅದೇ. ಚರಿತ್ರೆಯೂ ಬಹುಪಾಲು ಅದೇ. ನಾರ್ವೆಯ ಹಳ್ಳಿಗರಿಗೆ ಸ್ಕೀ ಎಂದರೆ ಹಿಮದಲ್ಲಿ ಕೆಲಸಕ್ಕೆ ಹೋಗಿಬರುವ, ಬೇಟೆಗೆ ಹೋಗುವ ಮರದ ಪಟ್ಟಿ. ಅದು ಇಳಿಜಾರಿನ ಓಟವಾಗಿ ನಿಯಮ ಕಂಡದ್ದು ಬಹಳ ಈಚೆಗೆ. ಆರ್ನಾಲ್ಡ್ ಲನ್ ಎಂಬ ಇಂಗ್ಲೆಂಡಿನವರು 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬ ಹಳ್ಳಿಯಲ್ಲಿ ಕಂಬಗಳ ನಡುವೆ ತಿರುಗಿ ಇಳಿಯುವ ಸ್ಲಾಲಂ ಓಟವನ್ನು ಈಗಿನ ರೂಪದಲ್ಲಿ ನಡೆಸಿದರು. ಅದೇ ಮ್ಯೂರೆನ್‌ನಲ್ಲಿ 1931ರ ಫೆಬ್ರವರಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಮೊದಲ ವರ್ಷವೇ ಹೆಂಗಸರೂ ಸ್ಪರ್ಧಿಸಿದರು. ಬ್ರಿಟನ್ನಿನ ಎಸ್ಮೆ ಮೆಕಿನನ್ ಎರಡೂ ಓಟ ಗೆದ್ದರು. ನಮ್ಮ ಕರೆಗಳಲ್ಲಿ, ಅಂದರೆ ಕೋಣ ಓಡುವ ಹಾದಿಗಳಲ್ಲಿ, ಆ ದಿನ ಇನ್ನೂ ಬರಬೇಕಾಗಿದೆ.

ಅಲ್ಲಿಯೂ ದುಡಿಯುವ ಕೈಗಳ ಪ್ರಶ್ನೆ ಎದ್ದಿತ್ತು. 1936ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಆಲ್ಪೈನ್ ಸ್ಕೀ ಮೊದಲ ಸಲ ಒಲಿಂಪಿಕ್ಸ್ ಸೇರಿದಾಗ, ಸ್ಕೀ ಕಲಿಸಿ ಸಂಬಳ ಪಡೆಯುವವರು ವೃತ್ತಿಪರರು, ಅವರಿಗೆ ಪ್ರವೇಶವಿಲ್ಲ ಎಂದು ಒಲಿಂಪಿಕ್ ಸಮಿತಿ ಹೇಳಿತು. ಬೆಟ್ಟದಲ್ಲೇ ಹುಟ್ಟಿ ಬೆಳೆದು, ಬಂದ ಶ್ರೀಮಂತರಿಗೆ ಜಾರುವುದನ್ನು ಕಲಿಸಿ ಹೊಟ್ಟೆ ಹೊರೆಯುತ್ತಿದ್ದವರೇ ಹೊರಗುಳಿದರು. ಇದನ್ನು ಒಪ್ಪದೆ ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಸ್ಕೀಗಾರರು ಆ ಓಟಗಳನ್ನು ಬಹಿಷ್ಕರಿಸಿದರು. 1972ರಲ್ಲಿ ಸಪ್ಪೊರೊದಲ್ಲಿ ಆಸ್ಟ್ರಿಯಾದ ಕಾರ್ಲ್ ಶ್ರಾಂಟ್ಸ್ ಅವರನ್ನು ಓಟದ ಮೊದಲೇ ಮನೆಗೆ ಕಳಿಸಿದ್ದೂ ಇದೇ ವೃತ್ತಿಪರತೆಯ ಆರೋಪದ ಮೇಲೆ. ಕೆಲಸಗಾರನ ಮೈಯಲ್ಲಿರುವ ವಿದ್ಯೆ ಬೇಕು, ಅವನು ಮಾತ್ರ ಬೇಡ ಎಂಬ ಬುದ್ಧಿ ಒಂದೇ ದೇಶದ್ದಲ್ಲ.

ನಮ್ಮಲ್ಲಿ ಅದು ಇನ್ನೂ ಕ್ರೂರವಾಗಿತ್ತು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬದಿಯಲ್ಲಿ ಇಬ್ಬನಿಗೆ ಮೈಯೊಡ್ಡಿ ಡೋಲು ಬಡಿಯುತ್ತಾ ಕೂರಬೇಕಿತ್ತು. ಇದು ಪನಿ ಕುಲ್ಲುನಿ. ಕೋಣ ಇಳಿಸುವ ಮುನ್ನ ಕರೆಯಲ್ಲಿ ಮುಳ್ಳು, ಗಾಜು ಇದೆಯೇ ಎಂದು ತಿಳಿಯಲು ಅವರನ್ನೇ ಕೋಣಗಳಂತೆ ಓಡಿಸುತ್ತಿದ್ದರು. ಯಜಮಾನರ ಕೋಣದ ಗೊರಸಿಗೆ ನೋವಾಗಬಾರದೆಂದು ಮನುಷ್ಯನ ಪಾದವನ್ನು ಮೊದಲು ಇಳಿಸಿದ ಪದ್ಧತಿಯಿದು. ಇಂಥ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದಲ್ಲಿ ಕಾಯ್ದೆ ತಂದು ನಿಷೇಧಿಸಿತು. ಕಂಬಳದ ವೈಭವದ ಬಗ್ಗೆ ಬರೆಯುವವರು ಈ ಪುಟವನ್ನು ಮಡಚಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಗುತ್ತುಗಳ ಹೆಸರು ಉಳಿದದ್ದು ಎಷ್ಟು ಹೆಸರುಗಳ ಮೇಲೆ ಎಂಬುದು ಗೊತ್ತಾಗಬೇಕಾದರೆ ಇಲ್ಲಿಂದಲೇ ಓದಬೇಕು.

ಬದಲಾವಣೆ ಬಂದದ್ದು ಎರಡು ದಾರಿಯಲ್ಲಿ. ಒಂದು, ಜೋಡುಕರೆ. 1970ರ ಆಸುಪಾಸಿನಲ್ಲಿ ಬಜಗೋಳಿಯಲ್ಲಿ ಲವ-ಕುಶ ಜೋಡುಕರೆ ಕಂಬಳ ಶುರುವಾಯಿತು. ಒಂದು ಕರೆಗೆ ಲವ, ಪಕ್ಕದ್ದಕ್ಕೆ ಕುಶ. ಎರಡು ಜೋಡಿ ಒಟ್ಟಿಗೆ ಬಿಟ್ಟರೆ ಸೋಲು-ಗೆಲುವು ಎಲ್ಲರ ಕಣ್ಣೆದುರೇ ತೀರ್ಮಾನ. ಇನ್ನೊಂದು, 1974ರ ಭೂಸುಧಾರಣೆ. ಗೇಣಿ ಒಕ್ಕಲು ಭೂಮಿಯ ಒಡೆಯನಾದ. ದೊಡ್ಡ ಮನೆಗಳ ಗದ್ದೆ ಹರಿದು ಹಂಚಿಹೋಯಿತು, ಕೆಲವೆಡೆ ಕಂಬಳವೂ ನಿಂತುಹೋಯಿತು. ಉಳಿದ, ಹೊಸದಾಗಿ ಹುಟ್ಟಿದ ಕಂಬಳಗಳನ್ನು ಸಮಿತಿಗಳು ನಡೆಸತೊಡಗಿದವು. ಈಗ ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಶಿರ್ತಾಡಿಯವರಿಗೆ ಮೂಡುಬಿದಿರೆ, ವೇಣೂರು ಎರಡೂ ಮನೆಯಂಗಳದ ಕಂಬಳಗಳೇ. ನನ್ನ ಮಾವನಿಗೂ ಒಂದು ತುಂಡು ಗದ್ದೆ ಸಿಕ್ಕಿತು. ಆಮೇಲೆ ಅವರು ಯಾರ ಹಲಗೆಯನ್ನೂ ಏರಲಿಲ್ಲ. ಬೇರೆಯವರ ಕೋಣ ಓಡಿಸುವ ಕಟ್ಟುಪಾಡು ತಪ್ಪಿದ ಮೇಲೆ ಯಾರು ಇಷ್ಟಪಟ್ಟು ಬಂದರೋ ಅವರು ಓಟಗಾರರಾದರು. ಅವರಿಗೆ ಸಂಭಾವನೆ ಬಂತು, ಹೆಸರು ಬಂತು.

ಹೆಸರಿಗೆ ಬಲ ಕೊಟ್ಟದ್ದು ಗಡಿಯಾರ ಎಂದು ನಾನು ನಂಬಿದ್ದೇನೆ. ಮೊದಲು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಅಂತಿಮ. ಕೂದಲೆಳೆಯ ವ್ಯತ್ಯಾಸ ಬಂದರೆ ಜಗಳ. ದೊಡ್ಡ ಮನೆಯ ಕೋಣವಾದರೆ ಸಂದೇಹದ ಲಾಭ ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ. ಸ್ಟಾಪ್‌ವಾಚ್ ಬಂತು, ಆದರೆ ಕೈಯಲ್ಲಿ ಒತ್ತುವ ಗಡಿಯಾರ ತಡವರಿಸುತ್ತದೆ. ಅಥ್ಲೆಟಿಕ್ಸ್‌ನಲ್ಲಿ ನೂರು ಮೀಟರಿನ ಕೈ ಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವುದು ಅದಕ್ಕೇ. ಈಗ ಮಂಜೊಟ್ಟಿಯಲ್ಲಿ ಲೇಸರ್ ಕಿರಣ, ಪರದೆಯ ಮೇಲೆ ಸೆಕೆಂಡಿನ ನೂರನೆಯ ಭಾಗ. ಬೆಳಕಿನ ಗೆರೆಗೆ ಗುತ್ತು ಯಾವುದು, ಬೀಡು ಯಾವುದು ಎಂಬುದು ತಿಳಿಯುವುದಿಲ್ಲ.

2020ರ ಫೆಬ್ರವರಿ 1ರಂದು ಐಕಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಕಟ್ಟಡದ ಕೆಲಸ ಮಾಡುತ್ತಿದ್ದ ಹುಡುಗ. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಎಂದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ದೇಶವೆಲ್ಲ ಗದ್ದಲ. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು. ಗೌಡರು ಹೋಗಲಿಲ್ಲ. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿದರು, ಮತ್ತೆ ಹೊಸ ದಾಖಲೆಯ ಸುದ್ದಿ.

ದೈಹಿಕ ಶಿಕ್ಷಕನಾಗಿ ನಾನು ಹೇಳುವುದಿಷ್ಟು: ಆ ಹೋಲಿಕೆ ನಿಲ್ಲುವುದಿಲ್ಲ. ಕೋಣಗಳ ಎಳೆತವಿದೆ, ಉದ್ದವನ್ನು ಭಾಗಿಸಿ ತೆಗೆದ ಸಮಯವದು. ಐಕಳದ ಕೆಸರು ಬೇರೆ, ವೇಣೂರಿನ ಕೆಸರು ಬೇರೆ, ನೀರಿನ ಆಳ ಬೇರೆ, ಉದ್ದವೂ ಬೇರೆ. ಇಲ್ಲಿ ಸ್ಕೀ ಲೋಕ ನಮಗೆ ಒಂದು ದಾರಿ ತೋರಿಸುತ್ತದೆ. ಆಲ್ಪೈನ್ ಓಟದಲ್ಲಿ ಸಮಯವನ್ನು ನೂರನೆಯ ಭಾಗದವರೆಗೆ ಅಳೆಯುತ್ತಾರೆ, ಆದರೆ ಡೌನ್‌ಹಿಲ್‌ಗೆ ವಿಶ್ವದಾಖಲೆ ಎಂಬುದೇ ಇಲ್ಲ. ಪ್ರತಿ ಬೆಟ್ಟ ಬೇರೆ, ಪ್ರತಿ ದಿನದ ಹಿಮ ಬೇರೆ. ಆ ದಿನ, ಆ ಇಳಿಜಾರಿನಲ್ಲಿ ಯಾರು ಮೊದಲು ಎಂಬುದಷ್ಟೇ ಅಲ್ಲಿನ ಮರ್ಯಾದೆ. ಅಳತೆಗೂ ಒಂದು ಮಿತಿ ಇದೆ ಎಂದು ಆ ಜನ ಕಲಿತಿದ್ದಾರೆ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರಿನ ಕ್ರಾಸ್‌ಕಂಟ್ರಿ ಸ್ಕೀ ಓಟವನ್ನು ಸ್ವೀಡನ್ನಿನ ತೋಮಸ್ ವಾಸ್‌ಬರ್ಗ್ ಒಂದೇ ಒಂದು ನೂರನೆಯ ಭಾಗದಿಂದ ಗೆದ್ದಾಗ, ಅಷ್ಟು ಉದ್ದದ ಓಟಕ್ಕೆ ಇದು ಅನ್ಯಾಯ ಎಂದು ಆಮೇಲೆ ಆ ವಿಭಾಗದಲ್ಲಿ ಹತ್ತನೆಯ ಭಾಗಕ್ಕೆ ನಿಲ್ಲಿಸಿದರು. ಶ್ರೀನಿವಾಸ ಗೌಡರು ದೊಡ್ಡವರಾಗಲು ಬೋಲ್ಟ್ ಬೇಕಾಗಿಲ್ಲ. ಐಕಳದ ಆ ಕರೆಯಲ್ಲಿ ಅವರು ಓಡಿದ್ದೇ ಸಾಕು.

ಕಂಬಳವೇ ಉಳಿಯುವುದೋ ಇಲ್ಲವೋ ಎಂಬ ದಿನಗಳೂ ಇದ್ದವು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. 2017ರ ಜನವರಿ ಕೊನೆಗೆ ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ಜನ ಬೀದಿಗಿಳಿದರು. ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆ ಬಂತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳಿಗೆ ಹೊಡೆಯುವ ಬೆತ್ತಕ್ಕೆ ಕಡಿವಾಣ ಬಿದ್ದದ್ದು ನನಗೆ ಸಂತೋಷವೇ. ಕಾರ್ಕಳದ ಮಿಯಾರಿನಲ್ಲಿ ಗುಣಪಾಲ ಕಡಂಬರು 2011ರಿಂದ ಹುಡುಗರಿಗೆ ಕೊಡಿಸುತ್ತಾ ಬಂದ ತರಬೇತಿ ಇದಕ್ಕಿಂತ ದೊಡ್ಡ ಕೆಲಸ. ಓಡಿಸುವುದು ಕಲಿಯಬೇಕಾದ ವಿದ್ಯೆ, ಓಡಿಸುವವನು ವಿದ್ಯಾವಂತ ಎಂದು ಊರು ಒಪ್ಪಿದ್ದು ಆಗಲೇ.

ಈಗಿನವರ ಹೆಸರು ಪತ್ರಿಕೆಯಲ್ಲಿದೆ, ಸಮಿತಿಯ ಪುಸ್ತಕದಲ್ಲಿದೆ. ಜೋಡುಕರೆಗಿಂತ ಹಿಂದಿನವರದು ಎಲ್ಲಿಯೂ ಇಲ್ಲ. ಶಿರ್ತಾಡಿ, ವಾಲ್ಪಾಡಿ, ಮಾರೂರು, ಪಾಲಡ್ಕ, ದರೆಗುಡ್ಡೆ ಸುತ್ತಿನವರ ಹೆಸರುಗಳನ್ನು ನಾನು ಬರೆದಿಡುತ್ತಿದ್ದೇನೆ: ಯಾರು, ಯಾರ ಕೋಣ, ಯಾವ ವಿಭಾಗ, ಯಾವ ಗದ್ದೆ. ಇಸವಿ ಕೇಳಿದರೆ ಹೇಳಲಾರರು. ದೊಡ್ಡ ನೆರೆ ಬಂದ ವರ್ಷ, ಮಗಳ ಮದುವೆಯ ವರ್ಷ ಎನ್ನುತ್ತಾರೆ. ಅದನ್ನು ಹಾಗೆಯೇ ಬರೆದುಕೊಳ್ಳುತ್ತೇನೆ. ದರೆಗುಡ್ಡೆ ಕಡೆ ಹಗ್ಗದಲ್ಲಿ ಓಡಿಸಿದ ಅಜ್ಜ ಒಬ್ಬರು ಇನ್ನೂ ಇದ್ದಾರೆ. ಕಿವಿ ಕೇಳುವುದಿಲ್ಲ. ಅವರಿಂದ ಕೇಳಿ ಬರೆದಿಡುತ್ತೇನೆಂದು ಅವರ ಸೊಸೆ ಒಪ್ಪಿದ್ದಾರೆ. ಈ ಸಲದ ಕಂಬಳ ಶುರುವಾಗುವ ಮೊದಲು ಅಲ್ಲಿಗೆ ಹೋಗಿ ಬರಬೇಕು.