ಕಲ್ಲು ಆಯುಧವೇ, ಹಲ್ಲು ಆಯುಧವೇ?

ಹೊಲದ ಬದುವಿನ ಜಗಳ. ಒಬ್ಬ ಬರಿಗೈಯಲ್ಲಿ ಬಲವಾಗಿ ಹೊಡೆದು ಎದುರಾಳಿಯ ಮುಂಗೈ ಮೂಳೆ ಮುರಿದ. ಇನ್ನೊಬ್ಬ ಸೊಂಟದಲ್ಲಿದ್ದ ಕುಡುಗೋಲು ಬೀಸಿ ಅದೇ ಮೂಳೆ ಮುರಿದ. ಗಾಯ ಹೆಚ್ಚುಕಡಿಮೆ ಒಂದೇ. ಆದರೆ ಅಪರಾಧ ರುಜುವಾತಾದರೆ ಮೊದಲನೆಯವನಿಗೆ ಗರಿಷ್ಠ 7 ವರ್ಷ ಸೆರೆವಾಸ. ಎರಡನೆಯವನಿಗೆ ಜೀವಾವಧಿ ಶಿಕ್ಷೆಯೂ ಆಗಬಹುದು. ಇಷ್ಟೊಂದು ಅಂತರಕ್ಕೆ ಕಾರಣ ಕೈಯಲ್ಲಿದ್ದ ಒಂದು ವಸ್ತು. ಹಾಗಾದರೆ ಕಾನೂನಿನ ಕಣ್ಣಿಗೆ ಆಯುಧ ಎಂದರೆ ಯಾವುದು?

ಈ ಪ್ರಶ್ನೆಯ ಮೂಲ ಹುಡುಕಿದರೆ ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಹೋಗಬೇಕು. ಆಗ ದೇಶಕ್ಕೆಲ್ಲ ಒಂದೇ ದಂಡನಾ ಕಾನೂನು ಇರಲಿಲ್ಲ. ಕಲ್ಕತ್ತ, ಮದರಾಸು, ಮುಂಬಯಿ ನಗರಗಳಲ್ಲಿ ಇಂಗ್ಲಿಷ್ ಕಾನೂನು. ಬಂಗಾಳದ ಒಳನಾಡಿನಲ್ಲಿ ಕಂಪನಿ ತಿದ್ದಿಕೊಂಡ ಇಸ್ಲಾಮೀ ದಂಡನೀತಿ. ಮುಂಬಯಿ ಪ್ರಾಂತ್ಯದಲ್ಲಿ 1827ರ ಬೇರೆಯೇ ಸಂಹಿತೆ. ಈ ಗೊಂದಲ ನೀಗಲು ಥಾಮಸ್ ಮೆಕಾಲೆ ಅಧ್ಯಕ್ಷತೆಯ ಆಯೋಗ 1837ರಲ್ಲಿ ಕರಡೊಂದನ್ನು ಒಪ್ಪಿಸಿತು. ಅದು ಎರಡು ದಶಕಕ್ಕೂ ಹೆಚ್ಚು ಕಾಲ ಕಡತದಲ್ಲೇ ಉಳಿಯಿತು. 1857ರ ದಂಗೆಯ ನಂತರ ಆಡಳಿತ ರಾಣಿಯ ಕೈಸೇರಿತು. ಬಾರ್ನ್ಸ್ ಪೀಕಾಕ್ ತಿದ್ದಿದ ಕರಡು 1860ರಲ್ಲಿ ಭಾರತೀಯ ದಂಡ ಸಂಹಿತೆಯಾಗಿ ಅಂಗೀಕಾರಗೊಂಡು, 1862ರ ಜನವರಿ 1ರಿಂದ ಜಾರಿಗೆ ಬಂತು. 1859ರ ಕೊನೆಯಲ್ಲೇ ತೀರಿಕೊಂಡಿದ್ದ ಮೆಕಾಲೆ ಅದನ್ನು ಕಾಣಲಿಲ್ಲ.

ಹಲ್ಲೆಯ ಮಟ್ಟಿಗೆ ಆ ಸಂಹಿತೆ ಕೇಳಿದ್ದು ಮುಖ್ಯವಾಗಿ ಎರಡೇ ಪ್ರಶ್ನೆ: ಗಾಯ ಎಷ್ಟು ದೊಡ್ಡದು? ಮಾಡಿದ್ದು ಯಾವುದರಿಂದ? ಈ ಎರಡರಿಂದ ಹುಟ್ಟಿದವು ನಾಲ್ಕು ಕಲಂಗಳು. ಬರಿಗೈಯ ಸಾದಾ ಗಾಯಕ್ಕೆ 323, ಆಯುಧದ್ದಾದರೆ 324. ಬರಿಗೈಯ ತೀವ್ರ ಗಾಯಕ್ಕೆ 325, ಆಯುಧದ್ದಾದರೆ 326. ಕಣ್ಣು ಅಥವಾ ಕಿವಿ ಹೋಗುವುದು, ಮುಖ ಶಾಶ್ವತವಾಗಿ ವಿರೂಪವಾಗುವುದು, ಮೂಳೆ ಇಲ್ಲವೇ ಹಲ್ಲು ಮುರಿಯುವುದು ಮೊದಲಾದ 8 ಬಗೆಯ ಗಾಯಗಳನ್ನು ತೀವ್ರ ಎಂದು ಗುರುತಿಸಲಾಯಿತು.

ಕುತೂಹಲದ ಸಂಗತಿಯೆಂದರೆ, ಈ ಕಲಂಗಳಲ್ಲಿ ಕತ್ತಿ, ಮಚ್ಚು, ಬಂದೂಕು ಎಂಬ ಹೆಸರುಗಳೇ ಇಲ್ಲ. ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ಸಾಧನ. ಆಯುಧವಾಗಿ ಬಳಸಿದರೆ ಸಾವು ತರಬಲ್ಲ ಯಾವುದೇ ವಸ್ತು. ಬೆಂಕಿ, ವಿಷ, ಸ್ಫೋಟಕ, ಸುಡುವ ದ್ರಾವಣ. ಕೊನೆಗೆ ಪ್ರಾಣಿ ಕೂಡ. ಬೇಕೆಂದೇ ನಾಯಿ ಛೂ ಬಿಟ್ಟು ಕಚ್ಚಿಸಿದವನೂ ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲಾರ.

ಹಾಗಿದ್ದರೆ ಮನುಷ್ಯನೇ ಕಚ್ಚಿದರೆ? ಬೆರಳು ಕಚ್ಚಿ ತುಂಡು ಮಾಡಿದ ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮನುಷ್ಯನ ಹಲ್ಲು ಮಾರಕಾಯುಧವಲ್ಲ ಎಂದು ಹೇಳಿ ಅಪರಾಧವನ್ನು 326ರಿಂದ 325ಕ್ಕೆ ಇಳಿಸಿತು. ಕೇರಳದ ಪ್ರಕರಣವೊಂದರಲ್ಲಿ ಹೊಡೆದದ್ದು ಕಲ್ಲಿನಿಂದ. ವಸ್ತುವಿನ ಗಾತ್ರ, ಹರಿತ, ಬಳಸಿದ ರೀತಿ ನೋಡಿಯೇ ಆಯುಧ ಹೌದೋ ಅಲ್ಲವೋ ತೀರ್ಮಾನಿಸಬೇಕು ಎಂದ ಅದೇ ನ್ಯಾಯಾಲಯ, 2005ರಲ್ಲಿ ಅಲ್ಲಿಯೂ 325ಕ್ಕೇ ಇಳಿಸಿತು. ಅಂದರೆ ಒಂದು ಕಲ್ಲು ಆಯುಧವಲ್ಲದಿದ್ದರೂ ಮತ್ತೊಂದು ಆದೀತು.

ಕಾಲ ಕಳೆದಂತೆ ಪಟ್ಟಿ ಸಾಲದಾಯಿತು. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದ ನಂತರ, 2013ರಲ್ಲಿ ಆ್ಯಸಿಡ್ ದಾಳಿಗೆ ಪ್ರತ್ಯೇಕ ಕಲಂ ಬಂದು, ಕನಿಷ್ಠ 10 ವರ್ಷ ಶಿಕ್ಷೆ ನಿಗದಿಯಾಯಿತು. 2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 324 ಮತ್ತು 326 ಸೇರಿ ಈಗ 118ನೇ ಕಲಂ ಆಗಿವೆ. ತೀವ್ರ ನೋವು 20 ದಿನ ಇರಬೇಕೆಂಬ ನಿಯಮ 15 ದಿನಕ್ಕೆ ಇಳಿದಿದೆ. ಆದರೆ ಆಯುಧದ ವಿವರಣೆ ಹೆಚ್ಚುಕಡಿಮೆ ಅದೇ.

ಹೀಗಾಗಿ ಹಲ್ಲೆಯ ಮೊಕದ್ದಮೆಯಲ್ಲಿ ವೈದ್ಯರ ಗಾಯದ ಪ್ರಮಾಣಪತ್ರ, ವಸ್ತುವನ್ನು ವಶಪಡಿಸಿಕೊಂಡ ಮಹಜರು ಇವೆರಡಕ್ಕೂ ಬಹಳ ತೂಕ. ಅಲ್ಲಿ ಒಂದು ಸಾಲು ಉತ್ಪ್ರೇಕ್ಷೆಯಾದರೆ ಆರೋಪಿಯ ಬದುಕಿನ ವರ್ಷಗಳು ಹೋಗಬಹುದು. ಒಂದು ಸಾಲು ಬಿಟ್ಟುಹೋದರೆ ಕೈ ಕಳೆದುಕೊಂಡವನಿಗೆ ನ್ಯಾಯ ತಪ್ಪಬಹುದು. ಬೆಳಿಗ್ಗೆ ಹುಲ್ಲು ಕೊಯ್ದ ಕುಡುಗೋಲು ಸಂಜೆಗೆ ಆಯುಧವಾಗಲು ಒಂದು ಕ್ಷಣದ ಸಿಟ್ಟು ಸಾಕು. ಆ ಕ್ಷಣದಲ್ಲಿ ನಡೆದದ್ದೇನು ಎಂದು ನ್ಯಾಯಾಧೀಶರಿಗೆ ತಿಳಿಯುವುದು ಮಾತ್ರ ಇಂಥ ಕಾಗದಗಳಿಂದ, ಕಂಡವರ ಮಾತಿನಿಂದ.