ಕನ್ನಂಬಾಡಿ ಹಿನ್ನೀರಿನ ಹಾಯಿದೋಣಿಗಳು

ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರ, ಅಂದರೆ ಕನ್ನಂಬಾಡಿ, ಅಣೆಕಟ್ಟೆಯ ಹಿನ್ನೀರಿನಲ್ಲಿ ಬೆಳೆದ ಜಲಕ್ರೀಡೆ. ಸಮುದ್ರವಿಲ್ಲದ ಸೀಮೆಯಲ್ಲಿ ಹಾಯಿ ಬಿಚ್ಚುವ ಈ ಆಟದಲ್ಲಿ ಎಂಥ ದೋಣಿ ಬೇಕೆಂಬ ಪ್ರಶ್ನೆಯನ್ನು ಬಹುಮಟ್ಟಿಗೆ ನೀರೇ ತೀರ್ಮಾನಿಸಿದೆ.

ಹಾಯಿಗೆ ಮೊದಲು ಇಲ್ಲಿ ಇದ್ದದ್ದು ಹರಿಗೋಲು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡು ದೋಣಿ. ಈಚೆಗೆ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಂಡೆಗಳ ನಡುವೆ ಹರಿಯುವ, ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿಯುವ ಕಾವೇರಿಗೆ ಚಪ್ಪಟೆ ತಳದ ಈ ದೋಣಿಯೇ ಸರಿ. ಮೀನುಗಾರರದ್ದು ಸಾಮಾನ್ಯವಾಗಿ ಆರೆಂಟು ಅಡಿ ಅಗಲ, ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದಾದಷ್ಟು ಹಗುರ. ಹೊಳೆ ದಾಟಿಸುವವು ಬಹಳ ದೊಡ್ಡವು: 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಹರಿಗೋಲಿನಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರೆಂದೂ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರೆಂದೂ ಬರೆದಿದ್ದಾನೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಅಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ, 1803ರ ಮರಾಠಾ ಯುದ್ಧದಲ್ಲಿ ಹೊಳೆಗಳನ್ನು ದಾಟಲು ಇಂಥ ದೋಣಿಗಳನ್ನೇ ನೆಚ್ಚಿದ. ಕೆಲಸ ನೋಡಿ ಗಾತ್ರ ಗೊತ್ತುಮಾಡುವ ತಿಳಿವಳಿಕೆ ಈ ನದಿಯ ದಂಡೆಯಲ್ಲಿ ಹಳೆಯದು.

ಹಾಯಿಗೆ ಬೇಕಾದ ಬಯಲುನೀರನ್ನು ಒದಗಿಸಿದ್ದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1930ರ ದಶಕದ ಮೊದಲಲ್ಲಿ ಮುಗಿಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಕೂಡಿ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಸುಮಾರು 130 ಚದರ ಕಿಲೋಮೀಟರ್ ಹರಡಿತು. ಹಳೆಯ ಕನ್ನಂಬಾಡಿಯೂ ಸೇರಿದಂತೆ ಹಲವು ಊರುಗಳು ಈ ನೀರಿನಡಿ ಹೋದವೆಂಬುದನ್ನು ಇಲ್ಲಿ ಆಡುವವರು ಮರೆಯಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಗಾಳಿ ಈ ಬಯಲಿನ ಮೇಲೆ ಅಡೆತಡೆಯಿಲ್ಲದೆ ಬೀಸುತ್ತದೆ. ಕಟ್ಟೆ ತುಂಬುವುದೂ ಅದೇ ತಿಂಗಳುಗಳಲ್ಲಿ. ಗಾಳಿ ಮತ್ತು ನೀರು ಒಟ್ಟಿಗೆ ಕೈಗೂಡುವುದು ಹಾಯಿದೋಣಿಗೆ ದೊಡ್ಡ ವರ. ಆದರೆ ಗರಿಷ್ಠ ಮಟ್ಟ 124.80 ಅಡಿಯಿರುವ ಈ ನೀರು ಬರಗಾಲದ ಬೇಸಿಗೆಯಲ್ಲಿ 80 ಅಡಿಯ ಆಸುಪಾಸಿಗೆ ಇಳಿದದ್ದುಂಟು. ಆಗ ದಂಡೆ ಬಹುದೂರ ಹಿಂದೆ ಸರಿಯುತ್ತದೆ. ಹೀಗೆ ಜಾಗ ಬದಲಿಸುವ ದಂಡೆಯಲ್ಲಿ ನೆಲೆಯಾದ ಧಕ್ಕೆ ಕಟ್ಟುವುದು ಕಷ್ಟ. ತಳದಲ್ಲಿ ಭಾರದ ಲೋಹದ ಕೀಲ್ ಇರುವ ದೊಡ್ಡ ದೋಣಿಯನ್ನು ಇಳಿಸುವುದು, ಎಳೆದು ದಡಕ್ಕೆ ತರುವುದು ಇನ್ನೂ ಕಷ್ಟ. ಕೈಗಾಡಿಯ ಮೇಲೆ ನೀರಿಗೆ ತಳ್ಳಿ, ಆಳ ಸಿಕ್ಕ ಮೇಲೆ ನಡುವಿನ ಸೀಳಿನಲ್ಲಿ ಹಲಗೆ ಇಳಿಬಿಡುವ ಪುಟ್ಟ ಡಿಂಗಿಯೇ ಇಲ್ಲಿಗೆ ತಕ್ಕದ್ದು.

ಡಿಂಗಿಗಳಲ್ಲಿ ಆಯ್ಕೆಯ ಅಳತೆಗೋಲು ಆಟಗಾರರ ಮೈತೂಕ. ಗಾಳಿಗೆ ವಾಲುವ ದೋಣಿಯನ್ನು ನೆಟ್ಟಗೆ ಹಿಡಿಯುವುದು ಅಂಚಿನಾಚೆಗೆ ಬಾಗಿ ಕುಳಿತವರ ದೇಹವೇ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಆಪ್ಟಿಮಿಸ್ಟ್ ಸುಮಾರು 2.3 ಮೀಟರ್ ಉದ್ದ, 35 ಕಿಲೋ ತೂಕದ ಮಕ್ಕಳ ದೋಣಿ. ಅದರ ಪಂದ್ಯಗಳು 15 ವರ್ಷದೊಳಗಿನವರಿಗೆ. ಆಮೇಲಿನ ಮೆಟ್ಟಿಲು ಕೆನಡಾದ ಬ್ರೂಸ್ ಕರ್ಬಿ ರೂಪಿಸಿ 1971ರಲ್ಲಿ ಮಾರುಕಟ್ಟೆಗೆ ಬಂದ ಲೇಸರ್, ಈಗಿನ ಹೆಸರಿನಲ್ಲಿ ಐಎಲ್‌ಸಿಎ. ದೋಣಿಯ ಒಡಲು ಒಂದೇ, 4.2 ಮೀಟರ್, ಹಾಯಿ ಮಾತ್ರ ಮೂರು ಅಳತೆಯದು. ಹಗುರ ಮೈಯ ಕಿರಿಯರಿಗೆ ಐಎಲ್‌ಸಿಎ 4, ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಐಎಲ್‌ಸಿಎ 6, ಪುರುಷರಿಗೆ ಸುಮಾರು 7 ಚದರ ಮೀಟರ್ ಹಾಯಿಯ ಐಎಲ್‌ಸಿಎ 7. ಬೆಳೆಯುವ ಹುಡುಗನಿಗೋ ಹುಡುಗಿಗೋ ಹೊಸ ದೋಣಿ ಕೊಳ್ಳದೆ ಹಾಯಿ, ಕೂವೆಮರ ಬದಲಿಸಿದರೆ ಸಾಕೆಂಬ ಈ ಏರ್ಪಾಟು ಬಡ ದೇಶಗಳಿಗೂ ಆಟವನ್ನು ಎಟುಕಿಸಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ತಯಾರಾದದ್ದು ಕಡಲಿಲ್ಲದ ಭೋಪಾಲದ ಕೆರೆಯಲ್ಲಿ. ಒಳನಾಡಿನ ನೀರನ್ನು ಕೀಳೆಣಿಸಲು ಕಾರಣವಿಲ್ಲ.

ದೂರಯಾನದ ಲೆಕ್ಕವೇ ಬೇರೆ. ನೀರನ್ನು ಸೀಳಿ ಸಾಗುವ ಭಾರದ ದೋಣಿಯ ವೇಗ ಅದರ ನೀರುಮಟ್ಟದ ಉದ್ದವನ್ನು ಅವಲಂಬಿಸುತ್ತದೆ: ಅಡಿಗಳಲ್ಲಿ ಅಳೆದ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂಬ ಅಂದಾಜು ಮಿತಿ ಸಿಗುತ್ತದೆ. 16 ಅಡಿಗೆ ಐದೂವರೆಯ ಹತ್ತಿರ, 36 ಅಡಿಗೆ ಎಂಟು. ತಿಂಗಳುಗಟ್ಟಲೆ ಅನ್ನ, ನೀರು, ನಿದ್ದೆಗೆ ಜಾಗವೂ ಬೇಕು. ಭೂಸೇನೆಯ ಇಂಜಿನಿಯರ್ಸ್ ದಳದವರು 1985–87ರಲ್ಲಿ ಭೂಮಿ ಸುತ್ತಿದ ‘ತೃಷ್ಣಾ’ 37 ಅಡಿಯದು. ಭೂಪ್ರದಕ್ಷಿಣೆ ಮುಗಿಸಿದ ಮೊದಲ ಭಾರತೀಯ ಹಾಯಿದೋಣಿ ಅದು. 2009–10ರಲ್ಲಿ ದಿಲೀಪ್ ದೊಂಡೆ ಒಂಟಿಯಾಗಿ ಸುತ್ತಿದ ನೌಕಾಪಡೆಯ ‘ಮಾದೇಯಿ’ 56 ಅಡಿಯದು, ಗೋವಾದಲ್ಲಿ ಕಟ್ಟಿದ್ದು. ಇಷ್ಟುದ್ದದ ದೋಣಿಗೆ ಕನ್ನಂಬಾಡಿಯಲ್ಲಿ ಹೋಗಲು ದೂರವಿಲ್ಲ, ನಿಲ್ಲಲು ರೇವಿಲ್ಲ.

ತೃಷ್ಣೆಯ ಹೆಸರು ಮಾತ್ರ ಒಳನಾಡಿಗೆ ಬಂದಿದೆ. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಸೇಲಿಂಗ್ ಕ್ಲಬ್ಬಿಗೆ ಅದೇ ಹೆಸರು. ಕನ್ನಂಬಾಡಿ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ನೆಲೆಸಿದೆ. 2020ರ ದಶಕದ ಆರಂಭದಲ್ಲಿ ದೇಶದ ನಾನಾ ಕಡೆಯ ಆಟಗಾರರು ಬೇರೆ ಬೇರೆ ವರ್ಗದ ಡಿಂಗಿಗಳೊಡನೆ ಇಲ್ಲಿ ಸ್ಪರ್ಧೆಗೆ ಇಳಿದರು. ಒಂದೇ ವರ್ಗದ ದೋಣಿಗಳ ಪಂದ್ಯದಲ್ಲಿ ಮೊದಲು ಗುರಿ ಮುಟ್ಟಿದವರು ಗೆದ್ದರು, ಅಷ್ಟೆ. ಹಲವು ಗಾತ್ರದ ದೋಣಿಗಳು ಒಟ್ಟಿಗೆ ಓಡಿದರೆ ಮಾತ್ರ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್‌ನಂಥ ಪಟ್ಟಿ ನೋಡಿ ಸಮಯವನ್ನು ತಿದ್ದುತ್ತಾರೆ. ಹೊಸದಾಗಿ ಕಲಿಯುವ ದೊಡ್ಡವರಿಗೆ ಇಬ್ಬರು ಕೂರುವ ಎಂಟರ್‌ಪ್ರೈಸ್ ಹೆಚ್ಚು ಅನುಕೂಲ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ ನಾಲ್ಕು ಮೀಟರಿನ ಈ ದೋಣಿಯಲ್ಲಿ ಪಳಗಿದವರು ಚುಕ್ಕಾಣಿ ಹಿಡಿದರೆ, ಹೊಸಬರು ಮುಂದಿನ ಹಾಯಿಯ ಹಗ್ಗ ಹಿಡಿದು ಗಾಳಿಯ ದಿಕ್ಕು ಕಲಿಯುತ್ತಾರೆ.